ಮನೆಯ ಹಳೆಯ ಗಾಡಿ: ರಿಪೇರಿಯೋ, ಮಾರಾಟವೋ?

ಉತ್ತರ ಕರ್ನಾಟಕದ ಒಕ್ಕಲು ಮನೆಗಳ ಅಂಗಳದಲ್ಲಿ ಒಂದು ಕಾಲಕ್ಕೆ ಚಕ್ಕಡಿ ನಿಲ್ಲುತ್ತಿದ್ದ ಜಾಗದಲ್ಲಿ ಇಂದು ಪಿಕಪ್ ಗಾಡಿ ನಿಂತಿದೆ. 2005ರಲ್ಲಿ ಎರಡು ಸಿಲಿಂಡರಿನ ಪುಟ್ಟ ಡೀಸೆಲ್ ಎಂಜಿನ್ನಿನ ಟಾಟಾ ಏಸ್ ಮಾರುಕಟ್ಟೆಗೆ ಬಂದು, ಮುಕ್ಕಾಲು ಟನ್ನು ಸರಕನ್ನು ಹೊಲದ ಬದುವಿನಿಂದ ನೇರವಾಗಿ ಪೇಟೆಗೆ ಮುಟ್ಟಿಸತೊಡಗಿದ ಮೇಲೆ, ಲಾರಿ ಕೊಳ್ಳುವ ಶಕ್ತಿಯಿಲ್ಲದ ಸಾಧಾರಣ ಕುಟುಂಬಗಳೂ ಸ್ವಂತ ಗಾಡಿಯ ಒಡೆತನಕ್ಕೆ ಬಂದವು. ಅದರ ಜೊತೆಜೊತೆಗೇ ಒಂದು, ಒಂದೂವರೆ ಟನ್ನು ಹೊರುವ ದೊಡ್ಡ ಪಿಕಪ್‌ಗಳೂ ಹಳ್ಳಿ ಹಳ್ಳಿಗೆ ಹಬ್ಬಿದವು. ಆ ವರ್ಷಗಳಲ್ಲಿ ಕೊಂಡ ಗಾಡಿಗಳಿಗೆ ಈಗ ವಯಸ್ಸಾಗಿದೆ. ಆದ್ದರಿಂದಲೇ ಇತ್ತೀಚೆಗೆ ಎಲ್ಲಿಗೆ ಹೋದರೂ ಒಂದು ಮಾತು ಕಿವಿಗೆ ಬೀಳುತ್ತದೆ: ಗಾಡಿಯ ಎಂಜಿನ್ ಇಳಿಸಿ ಮತ್ತೊಮ್ಮೆ ರಿಪೇರಿ ಮಾಡಿಸುವುದೋ, ಬಂದಷ್ಟಕ್ಕೆ ಮಾರಿ ಹೊಸದಕ್ಕೆ ಸಾಲ ಮಾಡುವುದೋ?

ನೋಡಲು ಇದು ಗ್ಯಾರೇಜಿನ ಪ್ರಶ್ನೆ. ಆದರೆ ಈ ಒಂದು ಪ್ರಶ್ನೆಯ ಸಲುವಾಗಿ ಅಣ್ಣತಮ್ಮಂದಿರು ಮಾತು ಬಿಟ್ಟುದನ್ನೂ, ಹೆಣ್ಣುಮಕ್ಕಳ ಕೊರಳಿನ ಬಂಗಾರ ಎರಡನೆಯ ಸಲ ಸೊಸೈಟಿಯ ಪೆಟ್ಟಿಗೆಗೆ ಹೋದುದನ್ನೂ ನಾನು ಬಲ್ಲೆ. ಮಠದಲ್ಲಿ ಅಧ್ಯಯನ ಮಾಡುತ್ತಿದ್ದ ಕಾಲದಲ್ಲಿ ಉಗ್ರಾಣದ ಲೆಕ್ಕದ ಜೊತೆಗೆ ಲಾರಿಯ ಲೆಕ್ಕವನ್ನೂ ಬರೆಯುವ ಪಾಳಿ ನನಗಿದ್ದುದರಿಂದ, ಶಾಸ್ತ್ರ ಕೇಳಲು ಬರಬೇಕಾದವರು ಕೆಲವೊಮ್ಮೆ ಇಂಥ ಲೌಕಿಕ ಪ್ರಶ್ನೆಯನ್ನೂ ಹೊತ್ತು ತರುತ್ತಾರೆ. ಹಾಗೆ ಬಂದವರ ಪೈಕಿ ಒಂದು ಕುಟುಂಬದ ಸಂಗತಿಯನ್ನು ಇಲ್ಲಿ ವಿವರವಾಗಿ ನಿರೂಪಿಸಿದರೆ ಉಳಿದವರಿಗೂ ಉಪಯೋಗವಾದೀತು.

ಗದಗ ಜಿಲ್ಲೆಯ ಒಂದು ಹಳ್ಳಿಯ ಮನೆತನ. ತಂದೆಗೆ ಎಪ್ಪತ್ತು ದಾಟಿದೆ, ಇಬ್ಬರು ಗಂಡುಮಕ್ಕಳು. 2012ರಲ್ಲಿ ತಾಯಿಯ ಬಿಲ್ವಾರ ಒತ್ತೆಯಿಟ್ಟು ಮುಂಗಡ ಕಟ್ಟಿ ಕೊಂಡ ಪಿಕಪ್. ಸಾಲ ತೀರಿ, ಒತ್ತೆ ಬಿಡಿಸಿಕೊಂಡು, ಅದೇ ಗಾಡಿಯ ದುಡಿಮೆಯಲ್ಲಿ ಒಬ್ಬ ಮಗಳ ಮದುವೆಯನ್ನೂ ಮಾಡಿದರು. ವಾರಕ್ಕೆ ಎರಡು ಸಲ ಉಳ್ಳಾಗಡ್ಡಿ, ಕಾಯಿಪಲ್ಯ ಹೇರಿಕೊಂಡು ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿಗೆ ಹೋಗುವುದು, ನಡುವೆ ಊರವರ ಬಾಡಿಗೆ. ಹದಿಮೂರನೆಯ ವರ್ಷಕ್ಕೆ ಕಾಲಿಟ್ಟಾಗ ಗಾಡಿ 2,60,000 ಕಿಲೋಮೀಟರ್ ಓಡಿತ್ತು. ಮುಂಜಾನೆ ಚಾಲೂ ಮಾಡಿದರೆ ನೀಲಿ ಹೊಗೆ. ಏರಿನಲ್ಲಿ ಉಸಿರು ಕಟ್ಟಿದಂತೆ ನಿಲ್ಲುವುದು. ಎರಡು ಸಲ ಹುಬ್ಬಳ್ಳಿಗೆ ಹೋಗಿಬರುವಷ್ಟರಲ್ಲಿ ಅರ್ಧ ಲೀಟರ್ ಆಯಿಲ್ ಕಾಣೆ. ಮಿಸ್ತ್ರಿ ಎಂಜಿನ್ ಇಳಿಸಬೇಕೆಂದ. ಪಿಸ್ಟನ್, ರಿಂಗು, ಬೇರಿಂಗು, ಹೆಡ್ಡಿನ ಕೆಲಸ, ಲೇತಿನ ಕೂಲಿ, ಜೊತೆಗೆ ಕ್ಲಚ್ಚು, ಎಲ್ಲ ಸೇರಿ 85,000 ರೂಪಾಯಿ ಹೇಳಿದ. ದಲಾಲನೊಬ್ಬ ಇದ್ದ ಸ್ಥಿತಿಯಲ್ಲಿಯೇ 2,10,000ಕ್ಕೆ ಕೇಳಿದ್ದ.

ಹಿರಿಯ ಮಗನ ವಾದ ಹೀಗಿತ್ತು: "ಹ್ವಾದ ವರ್ಷ ಗೇರ್ ಬಾಕ್ಸಿಗೆ, ಟಾಯರಿಗೆ ಅಂತ ಲಕ್ಷ ರೂಪಾಯಿ ಸುರದೀವ್ರೀ ಗುರುಗಳ. ಈಗ ಮಾರಿದ್ರ ಅದೆಲ್ಲಾ ನೀರಾಗ ಹ್ವಾದಂಗ." ಕಿರಿಯವನದು ಬೇರೆ: "ಎರಡ ಲಕ್ಷದ ಗಾಡಿಗೆ ಲಕ್ಷದ ರಿಪೇರಿ ಯಾರರೆ ಮಾಡ್ತಾರೇನ್ರೀ? ಹೊಸಾದು ತಗೊಂಡ್ರ ಐದ ವರ್ಷ ಚಿಂತಿಲ್ಲ."

ವಾಚಕರು ಗಮನಿಸಬೇಕು: ಇಬ್ಬರ ಮಾತೂ ಕೇಳಲು ಸರಿಯೆನ್ನಿಸುತ್ತದೆ, ಆದರೆ ಎರಡರಿಂದಲೂ ನಿರ್ಣಯ ಹುಟ್ಟುವುದಿಲ್ಲ. ಗೇರ್ ಬಾಕ್ಸಿಗೆ ಹೋದ ಹಣ ಹೋಗಿಯೇ ಹೋಗಿದೆ. ಗಾಡಿ ಇಟ್ಟುಕೊಂಡರೂ ಮಾರಿದರೂ ಅದು ಮರಳಿ ಬಾರದು. ಅದನ್ನು ಉಳಿಸುವ ಆಸೆಯಿಂದ ಇನ್ನಷ್ಟು ಹಣ ಹಾಕುವುದೆಂದರೆ, ಕಳೆದುಹೋದ ಕುರಿಯನ್ನು ಹುಡುಕಲು ಹಟ್ಟಿಯ ಕುರಿಗಳನ್ನೂ ಬಿಟ್ಟು ಹೊರಟಂತೆ. ಹೊಸ ಟಾಯರು ಇನ್ನೂ ಸವೆದಿಲ್ಲವೆಂಬುದು ಮಾತ್ರ ಲೆಕ್ಕಕ್ಕೆ ಬರಬೇಕಾದ ಸಂಗತಿ. ಇನ್ನು ಕಿರಿಯವನ ಮಾತು. ಗಾಡಿಯ ಪೇಟೆಯ ಬೆಲೆಗೂ ರಿಪೇರಿಯ ಖರ್ಚಿಗೂ ನೇರ ಸಂಬಂಧವಿಲ್ಲ. ಎರಡು ಲಕ್ಷಕ್ಕೆ ಮಾರಿ ಬಂದ ಹಣದಲ್ಲಿ ಅಂಥದೇ ಕೆಲಸ ಮಾಡುವ ಮತ್ತೊಂದು ಗಾಡಿ ಸಿಗುವುದೇ ಎಂಬುದು ಪ್ರಶ್ನೆ. ಸಿಗುವುದಿಲ್ಲ; ಸಿಕ್ಕರೆ ಅದೂ ಯಾರೋ ಇದೇ ಕಾರಣಕ್ಕೆ ಮಾರಿದ ಗಾಡಿಯೇ ಆಗಿರುತ್ತದೆ.

ಹಾಗಾದರೆ ಮೊದಲು ನೋಡಬೇಕಾದುದೇನು? ಗಾಡಿಯ ಬೆನ್ನೆಲುಬು. ಎಂಜಿನ್ನಿಗೆ ಹೊಸ ಜೀವ ಕೊಡಬಹುದು, ಕ್ಲಚ್ಚು ಬದಲಿಸಬಹುದು, ಪಾಟಾ ಹೊಸದು ಹಾಕಿಸಬಹುದು. ಚಾಸಿ ಬಿರುಕು ಬಿಟ್ಟಿದ್ದರೆ, ಪಾಟಾ ಕೂಡುವ ಜಾಗದಲ್ಲಿ ತುಕ್ಕು ತಿಂದು ಹಾಳೆಯಾಗಿದ್ದರೆ, ಈ ಮೊದಲೇ ಅಲ್ಲಲ್ಲಿ ಬೆಸುಗೆ ಬಿದ್ದಿದ್ದರೆ, ಅಂಥ ಗಾಡಿಗೆ ಎಂಜಿನ್ನಿನ ಖರ್ಚು ಮಾಡುವುದು ಬೀಳುವ ಗೋಡೆಗೆ ಸುಣ್ಣ ಬಳಿದಂತೆಯೇ ಸರಿ. ಆದ್ದರಿಂದ ಗಾಡಿಯನ್ನು ತೊಳೆಸಿ, ಗುಂಡಿಯ ಮೇಲೆ ನಿಲ್ಲಿಸಿ, ಕೆಳಗಿನಿಂದ ದೀಪ ಹಿಡಿದು ನೋಡಬೇಕು. ರಿಪೇರಿ ಮಾಡಲಿರುವ ಮಿಸ್ತ್ರಿಯನ್ನೇ ಇದಕ್ಕೆ ನಂಬುವುದಕ್ಕಿಂತ ಬೇರೊಬ್ಬನಿಗೆ ನೂರಿನ್ನೂರು ರೂಪಾಯಿ ಕೊಟ್ಟು ತೋರಿಸುವುದು ಒಳ್ಳೆಯದು. ಮಿಸ್ತ್ರಿಗಳ ಪ್ರಾಮಾಣಿಕತೆಯನ್ನು ನಾನು ಶಂಕಿಸುತ್ತಿಲ್ಲ. ಕೆಲಸ ಸಿಗುವವನ ಕಣ್ಣಿಗೆ ಕೆಲಸವೇ ಮೊದಲು ಕಾಣುವುದು ಮನುಷ್ಯ ಸಹಜ.

ಹೊಗೆಯ ಬಣ್ಣವೂ ಒಂದು ಭಾಷೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ರಿಂಗು ಸವೆದಿರಬಹುದು, ವಾಲ್ವಿನ ಸೀಲು ಹೋಗಿರಬಹುದು. ಎಂಜಿನ್ ಚಾಲೂ ಇರುವಾಗ ಆಯಿಲ್ ತುಂಬುವ ಮುಚ್ಚಳ ತೆಗೆದರೆ ಬುಸುಬುಸು ಹೊಗೆ ಹೊರಗೆ ಬಂದರೆ ರಿಂಗಿನದೇ ದೋಷವೆಂಬ ಅನುಮಾನ ಬಲಿಯುತ್ತದೆ. ಗ್ಯಾರೇಜಿನವರು ಇದನ್ನೇ ಬ್ಯಾಕ್ ಕಂಪ್ರೆಶನ್ ಎನ್ನುವುದು. ಕಪ್ಪು ಹೊಗೆಗೆ ಎಂಜಿನ್ ಇಳಿಸಲೇಬೇಕೆಂದಿಲ್ಲ. ಗಾಳಿಯ ಫಿಲ್ಟರು ಕಟ್ಟಿಕೊಂಡಿರಬಹುದು, ನಾಜಲ್ ಕೆಟ್ಟಿರಬಹುದು. ಇವು ಸಣ್ಣ ಖರ್ಚಿನವು. ಬಿಳಿಯ ಹೊಗೆ ಬಿಡದೆ ಬರುತ್ತಿದ್ದು, ರೇಡಿಯೇಟರಿನ ನೀರೂ ದಿನದಿನಕ್ಕೆ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟಿನ ಕಡೆ ನೋಡಬೇಕು. ಸಣ್ಣ ರೋಗಕ್ಕೆ ದೊಡ್ಡ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಕಡಿಮೆಯೇನಿಲ್ಲ. ಹಾಗೆಯೇ ಹೊಗೆಗೆ ಹೆದರಿ ಗಟ್ಟಿ ಗಾಡಿಯನ್ನು ಗುಜರಿಯ ಬೆಲೆಗೆ ಕೊಟ್ಟವರೂ ಇದ್ದಾರೆ.

ಈ ಕುಟುಂಬದ ಗಾಡಿಯ ಚಾಸಿ ಗಟ್ಟಿಯಾಗಿತ್ತು. ದೋಷ ರಿಂಗಿನದೇ. ಅನಂತರ ಕಾಗದ ಲೇಖನಿ ಹಿಡಿದು ಕುಳಿತೆವು. ಬೆಲೆಗಳು ಊರೂರಿಗೆ ಬೇರೆಯಾಗುವುದರಿಂದ ಓದುಗರು ಅಂಕಿಗಳಿಗಿಂತ ಲೆಕ್ಕದ ಕ್ರಮವನ್ನು ಹಿಡಿಯಬೇಕೆಂದು ಕೋರುತ್ತೇನೆ.

ರಿಪೇರಿಯ 85,000 ಮೂರು ವರ್ಷ ಬಾಳಿತೆಂದು ಹಿಡಿದರೆ ತಿಂಗಳಿಗೆ 2,361 ರೂಪಾಯಿ. ಹಳೆಯ ಗಾಡಿಯ ಸಣ್ಣಪುಟ್ಟ ದುರಸ್ತಿಗೆ 3,000. ತಿಂಗಳಲ್ಲಿ ಒಂದು ದಿನವಾದರೂ ಅದು ಕೈಕೊಟ್ಟು ಬೇರೆ ಗಾಡಿ ಬಾಡಿಗೆಗೆ ಹಿಡಿಯಬೇಕಾದೀತೆಂದು 2,800. ಇಂದು 2,10,000 ಬರುವ ಗಾಡಿ ಮೂರು ವರ್ಷದ ಬಳಿಕ 1,20,000ಕ್ಕೆ ಹೋದೀತು. ಆ ಇಳಿಕೆಯೂ ಖರ್ಚೇ, ತಿಂಗಳಿಗೆ 2,500. ಒಟ್ಟು 10,661 ರೂಪಾಯಿ.

ಹೊಸ ಗಾಡಿ, ಎಲ್ಲ ಸೇರಿ, ಆಗ 9,10,000 ಆಗುತ್ತಿತ್ತು. ಹಳೆಯದನ್ನು ಮಾರಿದ ಹಣ ಮುಂಗಡಕ್ಕೆ ಹೋಗಿ 7,00,000 ಸಾಲ. ಶೇಕಡಾ 11ರ ಬಡ್ಡಿಯಲ್ಲಿ 5 ವರ್ಷಕ್ಕೆ ತಿಂಗಳ ಕಂತು 15,220. ಬಡ್ಡಿಯೇ ಒಟ್ಟು 2,13,000 ಮುಟ್ಟುತ್ತದೆ. ಆದರೆ ಕಂತಿನ ಅಂಕಿಯನ್ನಷ್ಟೇ ಹಿಡಿದು ಹಳೆಯ ಗಾಡಿಯೇ ಅಗ್ಗವೆಂದು ಸಾರುವುದು ನ್ಯಾಯವಲ್ಲ. ಐದು ವರ್ಷದ ಬಳಿಕ ಹೊಸ ಗಾಡಿ ಮನೆಯಲ್ಲಿಯೇ ಇರುತ್ತದೆ. ಅದಕ್ಕೆ ಆಗ ನಾಲ್ಕೂವರೆ ಲಕ್ಷವಾದರೂ ಬಂದೀತು. ಹಾಗೆ ಬೆಲೆಯ ಇಳಿಕೆ, ಬಡ್ಡಿ, ಸಣ್ಣ ದುರಸ್ತಿ, ಹೆಚ್ಚಿನ ವಿಮೆ ಎಲ್ಲವನ್ನೂ ಕೂಡಿಸಿದರೆ ತಿಂಗಳಿಗೆ 14,000ದ ಸಮೀಪ ಬಂದಿತು. ಎರಡರ ನಡುವಿನ ಅಂತರ ಮೂರು ಸಾವಿರದ ಚಿಲ್ಲರೆ ಮಾತ್ರ!

ಅಣ್ಣತಮ್ಮಂದಿರಿಬ್ಬರೂ ಮುಖ ಮುಖ ನೋಡಿಕೊಂಡರು. ಇಷ್ಟು ಸಣ್ಣ ಅಂತರಕ್ಕೆ ಆರು ತಿಂಗಳು ಜಗಳವಾಡಿದ್ದರು.

ಆಗ ಅಲ್ಲಿಯವರೆಗೆ ಸುಮ್ಮನಿದ್ದ ತಂದೆ ಒಂದು ಮಾತು ಕೇಳಿದರು: "ಮಳಿ ಹ್ವಾದ ವರ್ಷ ಕಂತು ಯಾರು ಕಟ್ಟಾವ್ರು?" ಪ್ರಶ್ನೆಯ ತಿರುಳು ಅಲ್ಲಿತ್ತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತ್ತು. ಆ ವರ್ಷ ಹೇರಲು ಸರಕಿಲ್ಲದೆ ಈ ಗಾಡಿ ವಾರಗಟ್ಟಲೆ ಬೇವಿನ ಗಿಡದ ಕೆಳಗೆ ನಿಂತಿತ್ತು. ಸಾಲವಿಲ್ಲದ ಗಾಡಿ ನಿಂತರೆ ನಿಲ್ಲುತ್ತದೆ, ಅಷ್ಟೆ. ಸಾಲದ ಗಾಡಿ ನಿಂತಲ್ಲಿಯೇ ತಿಂಗಳಿಗೆ ಹದಿನೈದು ಸಾವಿರ ಬೇಡುತ್ತದೆ. ಈ ಮನೆಯವರಿಗೆ ಡೀಸೆಲ್ ಕಳೆದು ಗಾಡಿಯಿಂದ ಉಳಿಯುತ್ತಿದ್ದುದು ಒಳ್ಳೆಯ ತಿಂಗಳಲ್ಲಿ 15,000. ಅಂದರೆ ಒಳ್ಳೆಯ ತಿಂಗಳಿನ ಗಳಿಕೆಯೆಲ್ಲ ಕಂತಿಗೇ ಹೋಗಿ, ಕೆಟ್ಟ ತಿಂಗಳಿಗೆ ಹೊಲದ ಮೇಲೆ ಸಾಲ ತೆಗೆಯಬೇಕು. ರಿಪೇರಿಯ ಪಕ್ಷ ಗೆದ್ದುದು ಈ ಕಾರಣಕ್ಕೇ ಹೊರತು ಮೂರು ಸಾವಿರದ ಉಳಿತಾಯಕ್ಕಲ್ಲ.

ಆದರೆ ಗೆದ್ದವನಿಗೂ ಕಟ್ಟು ಬೇಕು. ಎರಡು ಮಾತುಗಳನ್ನು ಬರೆದಿಟ್ಟುಕೊಳ್ಳಲು ಹೇಳಿದೆ. ಮೂರು ವರ್ಷದೊಳಗೆ ಒಂದೇ ಏಟಿಗೆ 40,000 ಮೀರಿದ ಮತ್ತೊಂದು ರಿಪೇರಿ ಬಂದರೆ ಚರ್ಚೆಯಿಲ್ಲದೆ ಮಾರುವುದು; ಹಾಗೂ ಕಂತು ಕಟ್ಟುತ್ತಿದ್ದೇವೆಂದೇ ಭಾವಿಸಿ ತಿಂಗಳಿಗೆ 2,500 ರೂಪಾಯಿಯನ್ನು ಅಂಚೆ ಕಚೇರಿಯ ಆರ್‌ಡಿಗೆ ಹಾಕುವುದು. ಆರ್‌ಡಿ 5 ವರ್ಷದ್ದಾದರೂ 3 ವರ್ಷ ತುಂಬಿದ ಮೇಲೆ ಮುಚ್ಚಲು ಅವಕಾಶವುಂಟು. ಮುಂದಿನ ಗಾಡಿಯ ಮುಂಗಡಕ್ಕೆ 90,000ದ ಮೇಲೆ ಕೈಯಲ್ಲಿರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸರಕು ಸಾಗಣೆ ವಾಹನಗಳ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಾಗ ಕಿರಿಯವನು ಫೋನ್ ಮಾಡಿ, ಕಾದದ್ದೇ ಒಳ್ಳೆಯದಾಯಿತೆಂದ. ಹೊಸದು ಅಗ್ಗವಾದರೆ ಹಳೆಯದರ ಬೆಲೆಯೂ ಇಳಿಯುತ್ತದೆ ಎಂಬ ಇನ್ನೊಂದು ಮಗ್ಗುಲನ್ನು ಅವನಿಗೆ ನೆನಪಿಸಬೇಕಾಯಿತು.

ಇದೇ ನಿರ್ಣಯ ಎಲ್ಲರಿಗೂ ಹೊಂದುವುದೆಂದು ತಿಳಿಯಬಾರದು. ದಿನವೂ ನೂರೈವತ್ತು ಕಿಲೋಮೀಟರ್ ಹಾಲಿನ ಡಬ್ಬಿ ಸಾಗಿಸುವ ಗುತ್ತಿಗೆ ಹಿಡಿದ ಇನ್ನೊಬ್ಬರಿಗೆ ಮಾರಿಬಿಡಿ ಎಂದೇ ಹೇಳಿದೆ. ಅವರ ಗಾಡಿಯ ಚಾಸಿಗೆ ಎರಡು ಕಡೆ ಬೆಸುಗೆ ಬಿದ್ದಿತ್ತು. ಹಾಲು ಒಂದು ದಿನ ತಡವಾದರೆ ಕೆಡುತ್ತದೆ, ಎರಡು ದಿನ ತಡವಾದರೆ ಗುತ್ತಿಗೆಯೇ ಹೋಗುತ್ತದೆ. ತಿಂಗಳು ತಿಂಗಳು ನಿಶ್ಚಿತ ಹಣ ಬರುವವರಿಗೆ ನಿಶ್ಚಿತ ಕಂತು ಭಾರವಲ್ಲ.

ಹೊಸ ಗಾಡಿಯ ಬಗೆಗೆ ಒಂದು ಮಾತನ್ನು ಷೋರೂಮಿನವರು ತಾವಾಗಿ ಹೇಳುವುದು ಅಪರೂಪ. 2020ರ ಏಪ್ರಿಲ್ 1ರಿಂದ ಬಿಎಸ್-6 ಮಾನದಂಡ ಬಂದ ಮೇಲೆ ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿಯುವ ಫಿಲ್ಟರು, ಹಲವು ಸೆನ್ಸರುಗಳು ಬಂದಿವೆ. ಗಾಳಿ ಶುದ್ಧವಾಗಲು ಇದು ಅವಶ್ಯವೇ, ತಕರಾರಿಲ್ಲ. ಆದರೆ ಆ ಫಿಲ್ಟರಿನಲ್ಲಿ ಕೂಡಿದ ಮಸಿ ಸುಟ್ಟುಹೋಗಲು ಗಾಡಿ ಆಗಾಗ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ಹೊಲಕ್ಕೂ ಮನೆಗೂ ನಾಲ್ಕೈದು ಕಿಲೋಮೀಟರ್ ತಿರುಗುವುದೇ ಕೆಲಸವಾದರೆ ಅದು ಕಟ್ಟಿಕೊಳ್ಳುತ್ತದೆ. ಕೆಟ್ಟರೆ ಊರಿನ ಮಿಸ್ತ್ರಿಯ ಪಾನಾ ಸಾಲದು, ಕಂಪ್ಯೂಟರ್ ಹಚ್ಚಿ ನೋಡುವವರೇ ಬೇಕು. ಸಮೀಪದಲ್ಲಿ ಅಂಥ ವರ್ಕ್‌ಶಾಪು ಉಂಟೇ ಎಂದು ಕೊಳ್ಳುವ ಮುನ್ನ ವಿಚಾರಿಸುವುದು ಲೇಸು.

ಜನರಲ್ಲಿ ಇನ್ನೊಂದು ಭೀತಿ ಹರಡಿದೆ. ಹತ್ತು ವರ್ಷಕ್ಕೋ ಹದಿನೈದು ವರ್ಷಕ್ಕೋ ಗಾಡಿಯನ್ನು ಸರ್ಕಾರ ಕಿತ್ತುಕೊಳ್ಳುತ್ತದೆ ಎಂದು. ಡೀಸೆಲ್ ಗಾಡಿಗೆ ಹತ್ತು ವರ್ಷದ ಕಟ್ಟಳೆ ಹುಟ್ಟಿದ್ದು ದೆಹಲಿ ಮತ್ತು ಅದರ ಸುತ್ತಿನ ಪ್ರದೇಶಕ್ಕೆ. ನಮ್ಮಲ್ಲಿ ಹಳದಿ ಫಲಕದ ಗೂಡ್ಸ್ ಗಾಡಿಯ ಆಯುಷ್ಯವನ್ನು ನಿರ್ಧರಿಸುವುದು ಎಫ್‌ಸಿ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಎಂಟು ದಾಟಿದ ಮೇಲೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು. ಹಳೆಯ ಗಾಡಿಗಳ ಎಫ್‌ಸಿ ಶುಲ್ಕವನ್ನು ಕೇಂದ್ರ ಸರ್ಕಾರ 2022ರ ಏಪ್ರಿಲ್‌ನಿಂದ ಏರಿಸಿದ್ದು, 2025ರ ನವೆಂಬರ್‌ನಲ್ಲಿ ಮತ್ತೆ ಪರಿಷ್ಕರಿಸಿ ಹತ್ತು ವರ್ಷ ದಾಟಿದ ಗಾಡಿಗಳಿಂದಲೇ ವಯಸ್ಸಿಗೆ ತಕ್ಕಂತೆ ಹೆಚ್ಚಿಸಿದೆ. ಆದಕಾರಣ ನಿಮ್ಮ ಗಾಡಿಯ ವಯಸ್ಸಿಗೆ ಎಷ್ಟು ಶುಲ್ಕವೆಂದು ಆರ್‌ಟಿಒ ಕಚೇರಿಯಲ್ಲಿ ಕೇಳಿ, ಅದನ್ನೂ ಮೇಲಿನ ಲೆಕ್ಕದಲ್ಲಿ ಸೇರಿಸಿರಿ. ಎಫ್‌ಸಿ ಮುಗಿದ ಮೇಲೆ ತಡವಾದ ಒಂದೊಂದು ದಿನಕ್ಕೂ 50 ರೂಪಾಯಿ ಹೆಚ್ಚುವರಿ ಶುಲ್ಕವೂ ನಿಯಮದಲ್ಲಿದೆ. "ನೋಡೋಣ, ನೋಡೋಣ" ಎನ್ನುತ್ತ ಅಂಗಳದಲ್ಲಿ ಒಂದು ವರ್ಷ ನಿಲ್ಲಿಸಿದ ಗಾಡಿಯ ಮೇಲೆ 18,250 ರೂಪಾಯಿ ಏರಿರುತ್ತದೆ. ರಿಪೇರಿ, ಮಾರಾಟ ಎರಡಕ್ಕಿಂತಲೂ ದುಬಾರಿಯಾದುದು ಈ ಮೂರನೆಯ ದಾರಿ; ದುರ್ದೈವದಿಂದ ಹೆಚ್ಚಿನ ಮನೆಗಳು ಹಿಡಿಯುವುದೂ ಇದನ್ನೇ.

ಗಾಡಿ ಇಟ್ಟುಕೊಳ್ಳಬೇಕೆನ್ನುವವರು ಮುಂದಿಡುವ ಒಂದು ಕಾರಣವನ್ನು ಮಾತ್ರ ನಾನು ಒಪ್ಪಲಾರೆ: ಜಾತ್ರೆಗೆ, ಮದುವೆಗೆ ಮನೆಮಂದಿಯನ್ನೆಲ್ಲ ಹಿಂದೆ ಕೂಡಿಸಿಕೊಂಡು ಹೋಗಲು ಅನುಕೂಲ ಎಂಬುದು. 1994ರ ತಿದ್ದುಪಡಿಯಂತೆ ಸರಕಿನೊಡನೆ ಹೋಗುವ ಸರಕಿನ ಒಡೆಯನಿಗೆ ಇಲ್ಲವೆ ಅವನ ಪ್ರತಿನಿಧಿಗೆ ವಿಮೆಯ ರಕ್ಷಣೆಯುಂಟು. ಬಿಟ್ಟಿಯಾಗಿ ಕುಳಿತು ಹೋಗುವ ಬಂಧುಗಳಿಗೆ ವಿಮಾ ಕಂಪನಿ ಹೊಣೆಯಲ್ಲವೆಂದು ಸುಪ್ರೀಂ ಕೋರ್ಟು 2002ರಲ್ಲಿ ಸ್ಪಷ್ಟಪಡಿಸಿದೆ. ಹಳೆಯ ಬ್ರೇಕು, ಹಿಂದೆ ಇಪ್ಪತ್ತು ಮಂದಿ, ಅವರಲ್ಲಿ ಕೂಸುಗಳು. ಇದನ್ನು ಅನುಕೂಲದ ಪಟ್ಟಿಯಲ್ಲಿ ಬರೆಯುವುದು ಹೇಗೆ?

ಮಾರಲು ನಿರ್ಧರಿಸಿದವರಿಗೆ ಬೆಲೆಗಿಂತ ಮುಖ್ಯವಾದುದು ಕಾಗದ. ನೂರು ರೂಪಾಯಿಯ ಬಾಂಡ್ ಪೇಪರಿನಲ್ಲಿ ಬರೆಯಿಸಿ, ಖಾಲಿ ಫಾರ್ಮುಗಳಿಗೆ ಸಹಿ ಹಾಕಿ, ಹಣ ಎಣಿಸಿಕೊಂಡು ಕೀಲಿ ಕೊಟ್ಟರೆ ಮಾರಾಟ ಮುಗಿಯಿತೆಂದು ನಮ್ಮವರು ತಿಳಿಯುತ್ತಾರೆ. ಮುಗಿದಿರುವುದಿಲ್ಲ. ನನಗೆ ಪರಿಚಿತರೊಬ್ಬರು ಹೀಗೆಯೇ ದಲಾಲನ ಕೈಗೆ ಗಾಡಿ ಒಪ್ಪಿಸಿದ ಎರಡು ವರ್ಷದ ಮೇಲೆ, ಅಕ್ರಮ ಮರಳು ಸಾಗಿಸುವಾಗ ಅದು ಬೇರೆ ಜಿಲ್ಲೆಯಲ್ಲಿ ಸಿಕ್ಕಿಬಿದ್ದು, ನೋಟೀಸು ಇವರ ಮನೆಗೆ ಬಂದಿತು. ಅವರ ಮುಪ್ಪಿನ ತಾಯಿ ಮೂರು ದಿನ ಊಟ ಬಿಟ್ಟರು. ಅಪಘಾತವಾಗಿದ್ದರೆ ಇದಕ್ಕಿಂತ ಘೋರವಾಗುತ್ತಿತ್ತು. ಸುಪ್ರೀಂ ಕೋರ್ಟಿನ 2018ರ ಫೆಬ್ರವರಿಯ ಒಂದು ತೀರ್ಪನ್ನು ಇಲ್ಲಿ ಸ್ಮರಿಸಬೇಕು. 2007ರಲ್ಲಿ ಮಾರಿದ ವಾಹನ ಕೈಯಿಂದ ಕೈಗೆ ದಾಟಿ ಹೋಗಿ 2009ರಲ್ಲಿ ಅಪಘಾತ ಮಾಡಿತು. ನೋಂದಣಿಯಲ್ಲಿ ಮಾತ್ರ ಮೊದಲ ಒಡೆಯನ ಹೆಸರೇ ಉಳಿದಿತ್ತು. ಕಾಯ್ದೆಯ ದೃಷ್ಟಿಯಲ್ಲಿ ನೋಂದಣಿಯಲ್ಲಿ ಹೆಸರಿದ್ದವನೇ ಒಡೆಯ, ಪರಿಹಾರದ ಹೊಣೆಯೂ ಅವನದೇ ಎಂದು ನ್ಯಾಯಾಲಯ ಹೇಳಿತು. ಎರಡು ಲಕ್ಷಕ್ಕೆ ಗಾಡಿ ಮಾರಿದವನ ಹೊಲಮನೆ ಪರಿಹಾರದ ಹಣಕ್ಕೆ ಸಿಲುಕುವುದೆಂದರೆ ಇದೇ.

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ರಾಜ್ಯದೊಳಗೆ ಮಾರಿದವನು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಕೊಂಡವನು 30 ದಿನದೊಳಗೆ ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. ಫಾರ್ಮ್ 29 ಮತ್ತು 30ರಲ್ಲಿ ಕೊಳ್ಳುವವನ ಹೆಸರು, ವಿಳಾಸ, ದಿನಾಂಕ ತುಂಬಿದ ಮೇಲೆಯೇ ಸಹಿ ಹಾಕಿರಿ. ಸಾಲ ತೀರಿ ಎಷ್ಟೋ ವರ್ಷವಾದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೆಯೇ ಉಳಿದಿರುವುದುಂಟು. ಮೇಲೆ ಹೇಳಿದ ಮನೆಯಲ್ಲಿಯೂ ಉಳಿದಿತ್ತು. ಬ್ಯಾಂಕಿನ ಪತ್ರ ಮತ್ತು ಫಾರ್ಮ್ 35 ಕೊಟ್ಟು ಅದನ್ನು ತೆಗೆಸದೆ ಹೆಸರು ಬದಲಾಗದು. ಹಣದ ಸ್ವಲ್ಪ ಭಾಗವನ್ನು ಹೆಸರು ಬದಲಾದ ಮೇಲೆ ಪಡೆಯುವ ಬದಲು, ಗಾಡಿಯನ್ನೇ ಹೆಸರು ಬದಲಾಗುವ ತನಕ ಇಟ್ಟುಕೊಳ್ಳುವುದು ಕ್ಷೇಮ. ಕೊಳ್ಳುವವನು ಅವಸರಪಡಿಸಿದರೆ ಬೇರೆ ಗಿರಾಕಿಯನ್ನು ನೋಡಿರಿ. ಹೆಸರು ಬದಲಾಯಿತೇ ಎಂಬುದನ್ನು ಎಂಪರಿವಾಹನ್ ಆ್ಯಪಿನಲ್ಲಿ ಮನೆಯ ಹುಡುಗರೇ ನೋಡಿ ಹೇಳಬಲ್ಲರು.

ಓಡಲಾರದ ಗಾಡಿಯನ್ನು ಗುಜರಿಗೆ ಹಾಕುವುದಾದರೂ ಹೀಗೆಯೇ. 2021ರ ನಿಯಮಗಳಂತೆ ನೋಂದಾಯಿತ ಗುಜರಿ ಕೇಂದ್ರಕ್ಕೆ ಕೊಟ್ಟರೆ ಠೇವಣಿ ಪ್ರಮಾಣಪತ್ರ ಸಿಗುತ್ತದೆ. ಹೊಸ ಸರಕು ವಾಹನದ ತೆರಿಗೆಯಲ್ಲಿ ಶೇಕಡಾ 15ರವರೆಗೆ ರಿಯಾಯಿತಿ ಕೊಡಲು ಕೇಂದ್ರದ ನಿಯಮದಲ್ಲಿ ಅವಕಾಶವಿದೆ. ಬೀದಿಯ ಗುಜರಿಯವನು ನಾಲ್ಕು ಸಾವಿರ ಹೆಚ್ಚು ಕೊಟ್ಟಾನು. ಆದರೆ ನಿಮ್ಮ ಚಾಸಿ ನಂಬರನ್ನು ಅವನು ಏನು ಮಾಡುವನೆಂಬುದು ನಿಮಗೆ ತಿಳಿಯದು. ನೋಂದಣಿ ರದ್ದಾದ ಕಾಗದ ಕೈಗೆ ಬರುವ ತನಕ ಆ ಗಾಡಿ ನಿಮ್ಮದೇ.

ಕೊನೆಯ ದಿನದ ಕೆಲಸಗಳು ಸಣ್ಣವು, ಆದರೆ ಮರೆಯುವಂಥವು. ಫಾಸ್ಟ್ಯಾಗನ್ನು ಬ್ಯಾಂಕಿಗೆ ಹೇಳಿ ಮುಚ್ಚಿಸಬೇಕು. ಇಲ್ಲವಾದರೆ ಅವನ ಟೋಲು ನಿಮ್ಮ ಖಾತೆಯಿಂದ ಹೋಗುತ್ತಿರುತ್ತದೆ. ಬಾಕಿ ದಂಡವಿದ್ದರೆ ಕಟ್ಟಿ ರಸೀದಿ ಇಟ್ಟುಕೊಳ್ಳಬೇಕು. ಕೊಟ್ಟ ದಿನ, ಗಂಟೆ, ಮೀಟರಿನ ಅಂಕಿಯನ್ನು ಬರೆದು ಇಬ್ಬರೂ ಸಹಿ ಮಾಡಬೇಕು. ವಿಮೆ ಕೊಂಡವನ ಹೆಸರಿಗೆ ದಾಟಿತೇ ಎಂದು ನೋಡಬೇಕು. ಮುಂದಿನ ಗಾಜಿನ ಮೇಲೆ ತಾಯಿಯ ಹೆಸರನ್ನೋ ಮನೆತನದ ಹೆಸರನ್ನೋ ಬಣ್ಣದಲ್ಲಿ ಬರೆಯಿಸಿರುತ್ತೀರಿ. ಕೀಲಿ ಕೊಡುವ ಮೊದಲು ಪೇಂಟರನನ್ನು ಕರೆದು ಅದನ್ನು ಅಳಿಸಿರಿ.